#90ರಿಂದ ಡಿಜಿಟಲ್ ಅರೆಸ್ಟ್‌ವರೆಗೆ: ಫೋನ್ ವಂಚನೆಯೂ ಅದರ ಬೆನ್ನಿಗೆ ಬಂದ ಗಾಬರಿಯೂ

‘ನಿಮ್ಮ ಲೈನ್ ಪರೀಕ್ಷಿಸುತ್ತಿದ್ದೇವೆ, #90 ಅಥವಾ #09 ಒತ್ತಿ ಎಂದು ಯಾರಾದರೂ ಹೇಳಿದರೆ ಒತ್ತಬೇಡಿ. ಒತ್ತಿದ ಕೂಡಲೇ ನಿಮ್ಮ ಸಿಮ್ ಅವರ ವಶವಾಗುತ್ತದೆ. ಎಲ್ಲರಿಗೂ ತಿಳಿಸಿ.’ ಬಂಧುಗಳ ಗುಂಪಿನಲ್ಲೋ ಬಡಾವಣೆಯ ಗುಂಪಿನಲ್ಲೋ ಈ ಸಂದೇಶವನ್ನು ಕಾಣದವರು ಕಡಿಮೆ. ಇದು ವಾಟ್ಸ್ಆ್ಯಪ್‌ಗಿಂತಲೂ ಹಳೆಯದು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಇದರ ತವರು 1990ರ ದಶಕದ ಕೊನೆಯ ಅಮೆರಿಕ. ಅಲ್ಲಿನ ಅನೇಕ ಕಚೇರಿಗಳಲ್ಲಿ ಹೊರಗಿನ ಲೈನ್ ಬೇಕೆಂದರೆ 9 ಒತ್ತಬೇಕಿತ್ತು, ಆಪರೇಟರ್‌ಗೆ 0. ವಂಚಕ ದೂರವಾಣಿ ಕಂಪನಿಯ ತಂತ್ರಜ್ಞನೆಂದು ಹೇಳಿಕೊಂಡು ಕರೆ ಮಾಡುತ್ತಿದ್ದ. ‘ಪರೀಕ್ಷೆಗಾಗಿ 9, 0, # ಒತ್ತಿ ರಿಸೀವರ್ ಇಟ್ಟುಬಿಡಿ’ ಎನ್ನುತ್ತಿದ್ದ. ಕೆಲವು ಬಗೆಯ ಸ್ವಿಚ್‌ಬೋರ್ಡುಗಳಲ್ಲಿ ಹಾಗೆ ಮಾಡಿದರೆ ಅವನ ಕರೆ ಹೊರಗಿನ ಲೈನಿಗೆ ವರ್ಗವಾಗುತ್ತಿತ್ತು. ಆಮೇಲೆ ಅವನು ಎಲ್ಲಿಗೆ ಮಾತಾಡಿದರೂ ಬಿಲ್ಲು ಆ ಕಚೇರಿಗೆ. ಜೈಲಿನೊಳಗಿನ ಕೈದಿಗಳೂ ಈ ಉಪಾಯವನ್ನು ಬಳಸುತ್ತಿದ್ದರು. ವಂಚನೆ ನಿಜವೇ ಆಗಿತ್ತು, ಆದರೆ ಮನೆಯ ಫೋನಿಗೆ ಅದು ತಟ್ಟುವಂತಿರಲಿಲ್ಲ. ಇಮೇಲ್‌ಗಳಲ್ಲಿ ಹರಿದಾಡುವಾಗ ಮೊದಲು ಉದುರಿಹೋದದ್ದು ‘ಕೆಲವು ಕಚೇರಿಗಳಲ್ಲಿ’ ಎಂಬ ಮಾತು. ಮೊಬೈಲ್ ಕಾಲಕ್ಕೆ ಬರುವಷ್ಟರಲ್ಲಿ 90# ತಿರುಗಿ #90 ಆಯಿತು, ಅದಕ್ಕೆ ಸಿಮ್ ನಕಲಿನ ಬಾಲವೂ ಸೇರಿಕೊಂಡಿತು.

2012ರಲ್ಲಿ ಈ ಕಥೆ ಭಾರತದಲ್ಲಿ ಜೋರಾಗಿ ಎದ್ದಿತು. +92 (ಪಾಕಿಸ್ತಾನದ ದೇಶಸಂಕೇತ), #90, #09 ಇವುಗಳಿಂದ ಶುರುವಾಗುವ ಮಿಸ್ಡ್ ಕಾಲ್‌ಗೆ ತಿರುಗಿ ಕರೆ ಮಾಡಿದರೆ ಸಿಮ್ ನಕಲಾಗುತ್ತದೆ, ಆಗಲೇ ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದಿದ್ದಾರೆ ಎಂದು ಹೆಸರಾಂತ ಪತ್ರಿಕೆಗಳೂ ಬರೆದವು. ಸಿಮ್ ನಕಲು ಅಸಾಧ್ಯವೇನಲ್ಲ. 1998ರಲ್ಲೇ ಅಮೆರಿಕದ ಬರ್ಕ್ಲಿಯ ಸಂಶೋಧಕರು ಆಗಿನ ಜಿಎಸ್‌ಎಂ ಸಿಮ್‌ನ ಗುಪ್ತ ಕೀಲಿಯನ್ನು ಹೊರತೆಗೆದು ತೋರಿಸಿದ್ದರು. ಆದರೆ ಅದಕ್ಕೆ ಸಿಮ್ ಅವರ ಕೈಯಲ್ಲಿರಬೇಕಿತ್ತು, ಗಂಟೆಗಟ್ಟಲೆ ಸಮಯವೂ ಬೇಕಿತ್ತು. ಆ ಕೀಲಿ ಸಿಮ್‌ನ ಚಿಪ್‌ನೊಳಗೇ ಇರುತ್ತದೆ. ಕರೆಯ ಜೊತೆ ಅದು ಗಾಳಿಯಲ್ಲಿ ಹೋಗುವುದಿಲ್ಲ.

ಹಾಗೆಂದು ವಿದೇಶಿ ಮಿಸ್ಡ್ ಕಾಲ್ ನಿರುಪದ್ರವಿ ಎಂದಲ್ಲ. 2000ದ ದಶಕದ ಆರಂಭದಲ್ಲಿ ಜಪಾನಿನಲ್ಲಿ ಹಬ್ಬಿದ ಒಂದು ವಂಚನೆಗೆ ‘ವಾಂಗಿರಿ’ ಎಂದು ಹೆಸರು. ಒಂದೇ ರಿಂಗ್ ಕೊಟ್ಟು ಕಡಿಯುವುದು, ನಾವು ಕುತೂಹಲದಿಂದ ತಿರುಗಿ ಮಾಡಿದ ದುಬಾರಿ ಕರೆಯ ಹಣದಲ್ಲಿ ಪಾಲು ಹೊಡೆಯುವುದು ಅದರ ರೀತಿ. +92 ಸಂಖ್ಯೆಗಳಿಂದ ‘ನಿಮಗೆ ಕೆಬಿಸಿ (ಟಿ.ವಿ.ಯ ‘ಕೌನ್ ಬನೇಗಾ ಕರೋಡ್‌ಪತಿ’) ಲಾಟರಿಯಲ್ಲಿ 25 ಲಕ್ಷ ಬಂದಿದೆ’ ಎಂಬ ವಾಟ್ಸ್ಆ್ಯಪ್ ಸಂದೇಶಗಳೂ ಬಂದಿವೆ, ನಂಬಿ ಹಣ ಕಟ್ಟಿದವರೂ ಇದ್ದಾರೆ. 2012ರ ಆ ಎಚ್ಚರಿಕೆ +92 ಸಂಖ್ಯೆಯನ್ನು ಸರಿಯಾಗಿಯೇ ಗುರುತಿಸಿತ್ತು. ಅಪಾಯವನ್ನು ಮಾತ್ರ ತಪ್ಪು ಜಾಗದಲ್ಲಿ ಇಟ್ಟಿತ್ತು. 777888999 ಎಂಬ ಸಂಖ್ಯೆಯ ಕರೆ ಎತ್ತಿದರೆ ಫೋನ್ ಸಿಡಿಯುತ್ತದೆ ಎಂಬ ಸಂದೇಶದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರಲ್ಲಿ ಒಂಬತ್ತೇ ಅಂಕಿಗಳಿವೆ, ನಮ್ಮ ಮೊಬೈಲ್ ಸಂಖ್ಯೆಗೆ ಹತ್ತು ಬೇಕು.

ಈ ಇತಿಹಾಸದ ವ್ಯಂಗ್ಯವೆಂದರೆ, ಒಂದು ಸಂಕೇತ ಒತ್ತಿದ್ದಕ್ಕೇ ಫೋನ್ ಕೈತಪ್ಪುವ ವಂಚನೆ ಮುಂದೆ ನಿಜವಾಗಿಯೇ ಬಂದದ್ದು. ‘ನಿಮ್ಮ ನೆಟ್‌ವರ್ಕ್ ಸರಿಪಡಿಸುತ್ತೇವೆ, *401* ಒತ್ತಿ ಈ ಸಂಖ್ಯೆ ಸೇರಿಸಿ’ ಎನ್ನುತ್ತಿದ್ದರು. ಹಾಗೆ ಮಾಡಿದರೆ ನಮಗೆ ಬರುವ ಕರೆಗಳೆಲ್ಲ ಆ ಸಂಖ್ಯೆಗೆ ಹರಿಯುತ್ತಿದ್ದವು. ನಮ್ಮ ವಾಟ್ಸ್ಆ್ಯಪ್ ಖಾತೆ ತೆರೆಯಲು ಕರೆಯ ಮೂಲಕ ಬರುವ ಒಟಿಪಿಯನ್ನೂ ಅವರೇ ಕೇಳಿಸಿಕೊಳ್ಳುತ್ತಿದ್ದರು. 2024ರ ಏಪ್ರಿಲ್ 15ರಿಂದ ಇಂಥ ಸಂಕೇತಗಳ ಮೂಲಕ ಕರೆ ವರ್ಗಾಯಿಸುವ ಸೌಲಭ್ಯವನ್ನು ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತು. ಇದರ ಬೆನ್ನಿಗೂ ಒಂದು ಉತ್ಪ್ರೇಕ್ಷೆ ಅಂಟಿಕೊಂಡಿದೆ: ‘*#21# ಒತ್ತಿ, ನಿಮ್ಮ ಫೋನ್ ಹ್ಯಾಕ್ ಆಗಿದೆಯೇ ಗೊತ್ತಾಗುತ್ತದೆ.’ ಗೊತ್ತಾಗುವುದು ಕರೆ ವರ್ಗಾವಣೆ ಚಾಲ್ತಿಯಲ್ಲಿದೆಯೇ ಎಂಬುದಷ್ಟೇ. ನಮ್ಮ ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗುತ್ತದೆಂದು ತೋರಿಸುವ *#62# ಒತ್ತಿದಾಗ ಅಪರಿಚಿತ ಸಂಖ್ಯೆ ಕಂಡು ಗಾಬರಿಯಾಗುವವರಿದ್ದಾರೆ. ಅದು ಎಷ್ಟೋ ಸಲ ನಮ್ಮದೇ ಮೊಬೈಲ್ ಕಂಪನಿಯ ಸಂಖ್ಯೆ. ಅನುಮಾನವಿದ್ದರೆ ##002# ಒತ್ತಿ ಎಲ್ಲ ವರ್ಗಾವಣೆಗಳನ್ನೂ ರದ್ದು ಮಾಡಬಹುದು.

ಇಷ್ಟೆಲ್ಲ ಗುಂಡಿ, ಸಂಖ್ಯೆಗಳ ಭಯದ ನಡುವೆ ದೊಡ್ಡ ಹಣ ಹೋದದ್ದು ಮಾತಿನಿಂದ. 2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಒಟಿಪಿಯಂಥ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿತು. ಕಾರ್ಡಿನ ಸಂಖ್ಯೆ ಕದ್ದರಷ್ಟೇ ಸಾಲದು ಎಂದಾದ ಮೇಲೆ ಒಟಿಪಿಯನ್ನು ನಮ್ಮ ಬಾಯಿಂದಲೇ ಹೇಳಿಸಬೇಕಾಯಿತು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ’ ಎಂಬ ಕರೆಗಳಿಂದ ಜಾರ್ಖಂಡ್‌ನ ಜಾಮ್ತಾರಾ ದೇಶಕ್ಕೆಲ್ಲ ಪರಿಚಿತವಾಯಿತು. ಆಮೇಲೆ ಕೆವೈಸಿ, ವಿದ್ಯುತ್ ಬಿಲ್ ಹೆಸರಿನ ಕರೆಗಳು, ಕೊನೆಗೆ ಡಿಜಿಟಲ್ ಅರೆಸ್ಟ್. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಹೆದರಿಸಿ, ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ, ಯಾರಿಗೂ ಹೇಳಕೂಡದೆಂದು ದಿನಗಟ್ಟಲೆ ಕೂರಿಸುವ ಈ ವಂಚನೆಯಲ್ಲಿ ಬೆಂಗಳೂರಿನ ಒಬ್ಬರೇ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರಲ್ಲಿ ಬೆಳಕಿಗೆ ಬಂತು. ಓದಿದವರು ಹೇಗೆ ಬೀಳುತ್ತಾರೆ ಎಂದು ಕೇಳುವವರಿಗೆ ನನ್ನ ಅನಿಸಿಕೆ ಇಷ್ಟು: ತನಿಖೆ, ನೋಟಿಸ್, ನ್ಯಾಯಾಲಯ ಎಂದರೆ ನಿಜವಾಗಿ ಹೆದರುವವರು ಓದಿದವರೇ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬ ವ್ಯವಸ್ಥೆಯೇ ಇಲ್ಲವೆಂದು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಹೇಳಬೇಕಾಯಿತು.

ಉತ್ಪ್ರೇಕ್ಷೆ ವಾಟ್ಸ್ಆ್ಯಪ್ ಅತ್ತೆ–ಮಾವಂದಿರ ಸ್ವತ್ತೇನಲ್ಲ. 2024ರ ಕೊನೆಯಲ್ಲಿ ‘ಜಂಪ್ಡ್ ಡೆಪಾಸಿಟ್’ ಎಂಬ ವಂಚನೆಯ ಬಗ್ಗೆ ತಮಿಳುನಾಡು ಪೊಲೀಸರು ಎಚ್ಚರಿಸಿದರು. ಯಾರೋ ನಿಮ್ಮ ಖಾತೆಗೆ ಸ್ವಲ್ಪ ಹಣ ಹಾಕಿ, ಜೊತೆಗೇ ಯುಪಿಐನಲ್ಲಿ ದೊಡ್ಡ ಮೊತ್ತ ಕೇಳುವ ಕೋರಿಕೆಯನ್ನೂ ಕಳಿಸುತ್ತಾರೆ, ನೀವು ಖಾತೆಯ ಬ್ಯಾಲೆನ್ಸ್ ನೋಡಲು ಪಿನ್ ಹಾಕಿದ ಕೂಡಲೇ ಆ ಕೋರಿಕೆಗೆ ಒಪ್ಪಿಗೆ ಬೀಳುತ್ತದೆ ಎಂಬುದು ಅದರ ಸಾರ. ಮಾಧ್ಯಮಗಳು ಅದನ್ನು ಪರೀಕ್ಷಿಸದೆ ಹಬ್ಬಿಸಿದವು. ಆಗ ಯುಪಿಐ ನಡೆಸುವ ಎನ್‌ಪಿಸಿಐ ಸ್ಪಷ್ಟನೆ ಕೊಡಬೇಕಾಯಿತು: ಹಣದ ಕೋರಿಕೆಯನ್ನು ಬಳಕೆದಾರ ತಾನೇ ತೆರೆದು, ಒಪ್ಪಿ, ಅದಕ್ಕೇ ಪಿನ್ ಹಾಕದೆ ಹಣ ಹೋಗುವುದಿಲ್ಲ. ಇಂಥ ಪ್ರಕಟಣೆ ಪೊಲೀಸರಿಂದ ಬಂದಾಗ ಹಾನಿ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬ್ಯಾಲೆನ್ಸ್ ನೋಡುವುದಕ್ಕೇ ಹೆದರುವವನು ತನ್ನ ಖಾತೆಯಲ್ಲಿ ನಿಜವಾಗಿ ಆಗುತ್ತಿರುವ ಕಳವನ್ನೂ ತಡವಾಗಿ ಗಮನಿಸುತ್ತಾನೆ.

ನಿಜವಾದ ಎಚ್ಚರಿಕೆಯನ್ನೂ ಅತಿಯಾಗಿ ಬಡಿದರೆ ಏನಾಗುತ್ತದೆ ಎಂಬುದನ್ನು ಕಾಲರ್ ಟ್ಯೂನ್ ತೋರಿಸಿತು. ಅಮಿತಾಭ್ ಬಚ್ಚನ್ ದನಿಯ ಸೈಬರ್ ಜಾಗೃತಿಯನ್ನು ತುರ್ತಾಗಿ ಫೋನ್ ಮಾಡುವವರೂ ಕೇಳಬೇಕಾಗುತ್ತಿತ್ತು. ದೂರುಗಳು ಹೆಚ್ಚಿದವು. 2025ರ ಜೂನ್‌ನಲ್ಲಿ ಆ ದನಿ ನಿಂತಿತು.

ಆ ಜಾಗೃತಿಯಲ್ಲಿ ಹೇಳುತ್ತಿದ್ದ 1930, ಅಂದರೆ ಸೈಬರ್ ವಂಚನೆಯ ದೂರು ಕೊಡುವ ಸಹಾಯವಾಣಿ ಸಂಖ್ಯೆ, ಏಕೆ ಮುಖ್ಯ ಎಂಬುದಕ್ಕೆ ಅಲ್ಲಿ ಸಮಯವಿರಲಿಲ್ಲ. ಹೋದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ, ಬಾಡಿಗೆಗೆ ಪಡೆದ ಖಾತೆಯಿಂದ ಖಾತೆಗೆ ಹಾರುತ್ತದೆ, ಎಟಿಎಂನಿಂದ ನಗದಾಗುತ್ತದೆ. 1930ಕ್ಕೆ ಕೊಟ್ಟ ಮಾಹಿತಿ ಬ್ಯಾಂಕುಗಳಿಗೆ ಹೋಗಿ, ಹಣ ಯಾವುದಾದರೂ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆ ಬೀಳುತ್ತದೆ. ಕರೆ ಮಾಡುವಾಗ ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆ, ಮೊತ್ತ ಮತ್ತು ಸಮಯ ಕೈಯಲ್ಲಿರಬೇಕು. ಒಟಿಪಿಯನ್ನೋ ಪಿನ್ನನ್ನೋ ಅಲ್ಲಿಯೂ ಹೇಳಬೇಕಾಗಿಲ್ಲ.