ಹೆಸರು ಅದೇ, ಊರುಗಳು ಬೇರೆ

ವಿಧಾನಸಭೆ ಚುನಾವಣೆಗೆ ಇನ್ನೂ ವರ್ಷವಿರುವಾಗಲೇ ಟಿಕೆಟ್ ಆಕಾಂಕ್ಷಿಗಳು ನನ್ನ ಮನೆಗೆ ಬರತೊಡಗುತ್ತಾರೆ. ಕಂದಾಯ ಇಲಾಖೆಯಲ್ಲಿದ್ದಷ್ಟು ಕಾಲವೂ ಮತದಾರರ ಪಟ್ಟಿಯ ಕೆಲಸ ನನ್ನ ಬೆನ್ನು ಬಿಡಲಿಲ್ಲ. ನಿವೃತ್ತನಾದ ಮೇಲೆ, ಕೇಳಿ ಬಂದವರಿಗೆ ಹಳೆಯ ಅಂಕಿಅಂಶಗಳನ್ನು ಬಿಡಿಸಿ ಹೇಳುತ್ತೇನೆ. ಹೆಚ್ಚಿನವರು ಮಾಡುವುದು ಒಂದೇ ತಪ್ಪು. ಎಷ್ಟು ಸಲ ಹೇಳಿದರೂ ಮತ್ತೆ ಅದನ್ನೇ ಮಾಡುತ್ತಾರೆ.

ಈಚೆಗೆ ಒಬ್ಬ ಹುಡುಗ ಬಂದಿದ್ದ. ಕೊಳ್ಳೇಗಾಲ ಕ್ಷೇತ್ರದವನು. ಟೀಪಾಯಿಯ ಮೇಲಿದ್ದ ಕಾಫಿ ಲೋಟಗಳನ್ನು ಸರಿಸಿ ದೊಡ್ಡದೊಂದು ಡ್ರಾಯಿಂಗ್ ಹಾಳೆ ಹರಡಿದ. 1957ರಿಂದ 2023ರವರೆಗಿನ ಫಲಿತಾಂಶ, ಪಕ್ಷಕ್ಕೊಂದು ಬಣ್ಣ, ಸ್ಕೇಲು ಹಿಡಿದು ಎಳೆದ ಗೆರೆಗಳು. ಎಷ್ಟು ರಾತ್ರಿ ಕೂತು ಮಾಡಿದ್ದನೋ. "ಸರ್, ನಮ್ಮ ಕ್ಷೇತ್ರ ಯಾರ ಭದ್ರಕೋಟೆ ಎಂದು ಇದರಲ್ಲೇ ಗೊತ್ತಾಗುತ್ತದೆ" ಎಂದ.

"ನಿನ್ನ ಊರು ಯಾವುದಪ್ಪ?"

"ಸಂತೇಮರಹಳ್ಳಿ ಪಕ್ಕದ್ದು ಸರ್."

"ಹಾಗಾದರೆ 2004ರಲ್ಲಿ ನಿಮ್ಮ ತಂದೆ ಮತ ಹಾಕಿದ್ದು ಯಾವ ಕ್ಷೇತ್ರದಲ್ಲಿ?"

ಹುಡುಗ ಹಾಳೆಯನ್ನೇ ನೋಡುತ್ತ ಕುಳಿತ. 2004ರ ಸಾಲಿನಲ್ಲಿ ಅವನು ಬರೆದಿದ್ದದ್ದು ಹಳೆಯ ಕೊಳ್ಳೇಗಾಲದ ಫಲಿತಾಂಶ. ಅವನ ತಂದೆ ಮತ ಹಾಕಿದ್ದು ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ. ಅಲ್ಲಿ ಆ ವರ್ಷ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ಗೆಲುವಿನ ಅಂತರ ಒಂದೇ ಒಂದು ಮತ. ದೇಶವೆಲ್ಲ ಮಾತಾಡಿದ ಆ ಚುನಾವಣೆ, ಅದೇ ನೆಲದ ಹುಡುಗನ ಹಾಳೆಯಲ್ಲಿ ಇರಲೇ ಇಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು.

ನಡೆದದ್ದಿಷ್ಟು. 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಎಳೆಯಲಾಯಿತು. ಆ ಗಡಿಗಳಲ್ಲಿ ಮೊದಲು ವಿಧಾನಸಭೆ ಚುನಾವಣೆ ನಡೆದದ್ದು ಕರ್ನಾಟಕದಲ್ಲೇ, 2008ರ ಮೇ ತಿಂಗಳಲ್ಲಿ. ಒಟ್ಟು ಸ್ಥಾನಗಳು ಮೊದಲಿನಂತೆ 224 ಉಳಿದವು, ಒಳಗಿನದೆಲ್ಲ ಅದಲುಬದಲಾಯಿತು. ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳು 2ರಿಂದ 15ಕ್ಕೆ ಏರಿದವು. ಸಾತನೂರು, ಬನ್ನೂರು ಕ್ಷೇತ್ರಗಳು ಇಲ್ಲವಾದವು, ವರುಣಾ ಹುಟ್ಟಿತು. ಚಾಮರಾಜನಗರ ಜಿಲ್ಲೆಯಲ್ಲಿ ಐದಿದ್ದದ್ದು ನಾಲ್ಕಾಯಿತು. ಹೋದದ್ದು ಸಂತೇಮರಹಳ್ಳಿ. ಹುಡುಗನ ಊರು ಕೊಳ್ಳೇಗಾಲಕ್ಕೆ ಸೇರಿತು.

ಇದೆಲ್ಲ ಗೊತ್ತು ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಗೊತ್ತಿದ್ದೂ, ರದ್ದಾದ ಕ್ಷೇತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ವಹಿಸುತ್ತಾರೆ. ನಿಜವಾಗಿ ಮೋಸ ಹೋಗುವುದು ಹೆಸರು ಉಳಿದ ಕ್ಷೇತ್ರಗಳಲ್ಲಿ. 2004ರ ಕೊಳ್ಳೇಗಾಲ ಮತ್ತು 2008ರ ಕೊಳ್ಳೇಗಾಲ ಒಂದೇ ಕ್ಷೇತ್ರವಲ್ಲ. ಪಟ್ಟಣ ಅದೇ, ಸುತ್ತಲಿನ ಊರುಗಳು ಬೇರೆ. ಊರುಗಳು ಬೇರೆಯಾದರೆ ಮತದಾರರು ಬೇರೆ, ಅವರ ಜಾತಿ, ಬೇಸಾಯ, ಸಿಟ್ಟು, ಋಣ ಎಲ್ಲವೂ ಬೇರೆ. ಆ ಎರಡು ಸಾಲುಗಳನ್ನು ಒಂದರ ಕೆಳಗೆ ಒಂದು ಬರೆದು "ಮತ ಪ್ರಮಾಣ ಕುಸಿಯಿತು" ಎಂದರೆ, ಯಾರ ಮತ ಕುಸಿಯಿತು? ಆ ಊರಿನವರು ಮನಸ್ಸು ಬದಲಿಸಿರಲೇ ಇಲ್ಲ. ಅವರ ಊರನ್ನು ಎತ್ತಿ ಬೇರೆ ಕ್ಷೇತ್ರಕ್ಕೆ ಇಟ್ಟಿದ್ದರು, ಅಷ್ಟೇ. ಇನ್ನೂ ಹಿಂದಕ್ಕೆ ಹೋದರೆ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಲ್ಲಿನ ಹಿರಿಯರು 1952ರಲ್ಲಿ ಆರಿಸಿ ಕಳಿಸಿದ್ದು ಮದ್ರಾಸ್ ವಿಧಾನಸಭೆಗೆ.

ಅಭ್ಯರ್ಥಿಗಳು ಇದನ್ನು ನಮಗಿಂತ ಬೇಗ ಅರ್ಥ ಮಾಡಿಕೊಂಡರು. ಒಂದು ಮತದಿಂದ ಗೆದ್ದವರು, ಸೋತವರು ಇಬ್ಬರೂ ಮುಂದೆ ಕೊಳ್ಳೇಗಾಲಕ್ಕೇ ಬಂದರು. ಧ್ರುವನಾರಾಯಣ ಅವರು 2008ರಲ್ಲಿ ಅಲ್ಲಿ ಗೆದ್ದು ಮರುವರ್ಷ ಲೋಕಸಭೆಗೆ ಹೋದರು. ಕೃಷ್ಣಮೂರ್ತಿ ಅವರು ಕಾಂಗ್ರೆಸ್ಸಿನಿಂದ ನಿಂತು 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. 2023ರಲ್ಲಿ, ಬಿಜೆಪಿಗೆ ಹೋಗಿದ್ದ ಅದೇ ಮಹೇಶ್ ಅವರನ್ನು 59 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಒಂದು ಮತದ ಸೋಲಿನಿಂದ ಆ ಗೆಲುವಿಗೆ ಹತ್ತೊಂಬತ್ತು ವರ್ಷ. ಆ ಫಲಿತಾಂಶ ಬಂದ ದಿನ ನಾನು ಬಹಳ ಹೊತ್ತು ಟಿವಿ ಮುಂದಿನಿಂದ ಏಳಲಿಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಕ್ಷೇತ್ರವನ್ನು ಬಿಟ್ಟು ಮತಗಟ್ಟೆಗೆ ಇಳಿಯಬೇಕು. ಮತ ಎಣಿಕೆಯ ಅಂತಿಮ ಪಟ್ಟಿಯಾದ ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯ ಮತಗಳು ಬೇರೆಬೇರೆಯಾಗಿ ಇರುತ್ತವೆ. ಇಂದಿನ ಕ್ಷೇತ್ರದ ಊರುಗಳನ್ನು ಪಟ್ಟಿ ಮಾಡಿ, ಆ ಊರುಗಳು ಹಿಂದೆ ಯಾವ ಕ್ಷೇತ್ರದಲ್ಲಿದ್ದವೋ ಅಲ್ಲಿಂದ ಅವುಗಳ ಮತಗಳನ್ನು ಹೆಕ್ಕಿ ಕೂಡಿಸಬೇಕು. ಮತಗಟ್ಟೆಯ ಸಂಖ್ಯೆಯನ್ನು ನಂಬಬೇಡಿ, ಅದು ಬದಲಾಗುತ್ತಲೇ ಇರುತ್ತದೆ. ಊರಿನ ಹೆಸರನ್ನು ಹಿಡಿಯಿರಿ. ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸುವ ಪದ್ಧತಿಯಿತ್ತು, ಆದ್ದರಿಂದ ತೀರಾ ಹಿಂದಕ್ಕೆ ಹೋಗಲು ಆಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೈಗೆ ಸಿಗುವುದು ಅಂದಾಜು. ಅದನ್ನು ನೆಚ್ಚಿಕೊಂಡು ಯಾರೂ ಜಮೀನು ಮಾರಬಾರದು.

2026ರ ನಂತರದ ಜನಗಣತಿಯ ಮೇಲೆ ಮತ್ತೆ ಗಡಿಗಳನ್ನು ಎಳೆಯುವ ಹೊತ್ತು ಬರುತ್ತಿದೆ. ಆಗ ಇನ್ನಷ್ಟು ಹಾಳೆಗಳು ನನ್ನ ಟೀಪಾಯಿಯ ಮೇಲೆ ಬೀಳುತ್ತವೆ.

ಹುಡುಗ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಹಾಳೆಯನ್ನು ಮಗುಚಿ ಖಾಲಿ ಬದಿಯಲ್ಲಿ ಊರುಗಳ ಹೆಸರು ಬರೆಯತೊಡಗಿದ. ಆರೇಳು ಬರೆದು ನಿಂತ. ಮೊಬೈಲ್ ತೆಗೆದು ಜಗುಲಿಗೆ ಹೋಗಿ, "ಅಪ್ಪಾ, ಆಗ ನಮ್ಮ ಊರಿನ ಶಾಲೆಗೆ ಮತ ಹಾಕಲು ಯಾವ ಯಾವ ಊರಿನವರು ಬರುತ್ತಿದ್ದರು?" ಎಂದು ಕೇಳುತ್ತಿದ್ದ.