ಹೂಂ ಅನ್ನೋರು ಯಾರು?

ನಮ್ಮ ಆಯಿ ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲ ಹಾಸ್ಕೊಂಡು ಮಲಗಿದಾಗ ಕತಿ ಹೇಳ್ತಿದ್ಲು, ಷರತ್ತು ಒಂದೇ, ಕೇಳೋರು ನಡುನಡುವ ಹೂಂ ಅನ್ಬೇಕು. ಹೂಂ ನಿಂತ್ರ ಕತಿನೂ ನಿಲ್ತಿತ್ತು. ನಾವು ಜೋರಾಗಿ ಹೂಂ ಅಂದ್ರ ರಾಕ್ಷಸ ಇನ್ನೂ ನಾಕು ಊರು ನುಂಗ್ತಿದ್ದ, "ಊಹೂಂ, ನಿನ್ನಿ ಹಿಂಗ ಹೇಳಿದ್ದಿಲ್ಲ" ಅಂದ್ರ ಆಯಿ ಅಲ್ಲೇ ದಾರಿ ಬದಲಿಸ್ತಿದ್ಲು. ಆ ಕತಿ ಆಯಿ ಒಬ್ಬಾಕಿದೇ ಅಂತ ನನಗ ಈಗ್ಲೂ ಹೇಳ್ಲಿಕ್ಕೆ ಆಗಂಗಿಲ್ಲ.

ಈಗ ಎಐ ಕತಿ ಬರೀತದ ಅಂತ ಎಲ್ಲಾ ಕಡಿ ಮಾತು. ಸೂಪರ್ ಮಾರ್ಕೆಟ್ ಹತ್ರ ಚಹಾ ಕುಡೀಲಿಕ್ಕೆ ನಿಂತ್ರ ಒಬ್ರು ಅದ್ರೊಳಗ ಏನೋ ಜೀವ ಹೊಕ್ಕದ, ಸಾಕ್ಷಾತ್ ಸರಸ್ವತಿನೇ ಕುಂತಾಳ ಅಂತಾರ, ಇನ್ನೊಬ್ರು ಹಂಗೇನಿಲ್ಲ, ಯಾರ್ದೋ ಪುಸ್ತಕದಾಗಿಂದು ಹಂಗೇ ಎತ್ತಿ ತಂದಿಡ್ತದ ಅಂತಾರ. ಭಾಳ ಸಲ ಓದಿದ್ದನ್ನ ಒಮ್ಮೊಮ್ಮೆ ಬಾಯಿಪಾಠ ಒಪ್ಪಿಸ್ತದ, ಅದು ಖರೇ, ಲೇಖಕರನ್ನ ಕೇಳ್ದೇ ಅವರ ಪುಸ್ತಕ ಓದಿಸ್ಯಾರ ಅನ್ನೋ ಜಗಳನೂ ಸಣ್ಣದಲ್ಲ. ಆದ್ರ ಅದು ಕತಿ ಕಟ್ಟೋ ರೀತಿ ಈ ಎರಡರಾಗ ಯಾವ್ದೂ ಅಲ್ಲ. ಇದು ತಿಳೀದಿದ್ರ ನಾವು ಅದಕ್ಕ ಕೈ ಮುಗೀತೀವಿ ಇಲ್ಲಾ ಬೈತೀವಿ, ಜೋಡಿ ಕೂತು ಕೆಲಸ ಮಾತ್ರ ಮಾಡಂಗಿಲ್ಲ.

"ಒಂದೂರಾಗ ಒಬ್ಬ" ಅಂತ ಬರ್ದು ಬಿಡ್ರಿ. ಮುಂದಿನ ಪದ ಏನು? ಯಂತ್ರ ತನಗ ಗೊತ್ತಿದ್ದ ಪ್ರತಿ ಪದಕ್ಕೂ, ಸರಿಯಾಗಿ ಹೇಳ್ಬೇಕಂದ್ರ ಪದದ ತುಂಡಿಗೆ, ಟೋಕನ್ ಅಂತಾರ, ಒಂದೊಂದು ಪಾಲು ಹಂಚ್ತದ. ಲೆಕ್ಕಕ್ಕ ಹಿಡೀರಿ, ನೂರರಾಗ ರಾಜನಿಗೆ 60, ರೈತನಿಗೆ 25, ಅಗಸನಿಗೆ 10, ಕಂಡಕ್ಟರಿಗೆ 5. ಆಮ್ಯಾಲ ಕವಡಿ ಎಸೆದಂಗ ಒಂದನ್ನ ಆರಿಸ್ತದ, ಕವಡಿ ಮಾತ್ರ ಒಂದು ಕಡಿಗೆ ಭಾರ ಇದ್ದದ್ದು. ಬಂದ ಪದನ ಸಾಲಿಗೆ ಸೇರಿಸಿ ಮೊದಲಿಂದ ಎಲ್ಲಾ ಮತ್ತ ನೋಡಿ ಮತ್ತ ಎಸೀತದ. ಹಿಂಗೇ ಸಾವಿರ ಸಲ.

ಈಗ ಇದರಾಗ ನನಗ ಭಾಳ ಸೇರಿದ್ದು ಟೆಂಪರೇಚರ್ ಅನ್ನೋ ಒಂದು ಕಿವಿ, ಸ್ಟೋವಿಗೆ ಇರ್ತದಲ್ಲ, ಹಂಗ. ಅದನ್ನ ಒಂದರಿಂದ ಅರ್ಧಕ್ಕ ಇಳಿಸಿದ್ರ ಮ್ಯಾಲಿನ ಪಾಲುಗಳ ವರ್ಗ ಮಾಡಿ ಮತ್ತ ನೂರಕ್ಕ ಹಂಚಿದಂಗ ಆಗ್ತದ: 3600, 625, 100, 25, ಅಂದ್ರ ರಾಜ ಸುಮಾರು 83ಕ್ಕ ಏರ್ತಾನ, ಕಂಡಕ್ಟರ್ ಒಂದಕ್ಕೂ ಕೆಳಗ ಇಳೀತಾನ. ಎರಡಕ್ಕ ಏರಿಸಿದ್ರ ವರ್ಗಮೂಲ, ರಾಜ 43ಕ್ಕ ಇಳಿದು ಕಂಡಕ್ಟರ್ 12ಕ್ಕ ಬರ್ತಾನ. ಪಂಚಮಿಗೆ ಜ್ವಾಳದ ಅರಳು ಹುರಿಯೋದು ನೋಡೀರಲ್ಲ, ಕಾವು ಕಮ್ಮಿ ಆದ್ರ ಒಂದು ಕಾಳೂ ಅರಳಂಗಿಲ್ಲ, ಹೆಚ್ಚಾದ್ರ ಎಲ್ಲಾ ಸಿಡಿದು ಕರಕಲು. ಕಮ್ಮಿ ಕಾವಿನ ಯಂತ್ರ ಸಂಜಿ ಹೊತ್ತು ಹೊಲದಿಂದ ಮನಿಗೆ ಬರೋ ಎತ್ತಿನಂಗ, ಹಗ್ಗ ಬಿಟ್ರೂ ಅದೇ ದಾರಿ ಹಿಡೀತದ. ಹೆಚ್ಚು ಕಾವಿನದು ಜಾತ್ರ್ಯಾಗ ಪಟಾಕಿ ಶಬ್ದಕ್ಕ ಬೆದರಿದ ಎತ್ತು. ಕತಿ ಬೇಕಾದವ್ರು ಇವೆರಡರ ನಡುವ ಹಗ್ಗ ಹಿಡೀಬೇಕು, ಮತ್ತ ಹಗ್ಗ ಹಿಡಿಯೋದಂದ್ರ ಆಯಿ ಮುಂದ ಹೂಂ, ಊಹೂಂ ಅನ್ನೋದೇ.

ಈ ಪಾಲಿನ ಲೆಕ್ಕ ಹೊಸದಲ್ಲ. 1913ರಾಗ ರಷ್ಯಾದ ಗಣಿತಜ್ಞ ಮಾರ್ಕೋವ್ ಪುಷ್ಕಿನ್ ಕಾವ್ಯದ 20,000 ಅಕ್ಷರ ಕೈಲೇ ಎಣಿಸಿ, ಸ್ವರದ ಹಿಂದ ಸ್ವರ ಎಷ್ಟು ಸಲ ಬರ್ತದ, ವ್ಯಂಜನ ಎಷ್ಟು ಸಲ ಬರ್ತದ ಅಂತ ಪಟ್ಟಿ ಮಾಡಿದ. ಆದ್ರ ಕಂಪ್ಯೂಟರ್ ಕತಿಗಾರರ ಮೊದಲಿನ ತಲೆಮಾರು ಈ ದಾರಿ ಹಿಡೀಲೇ ಇಲ್ಲ. 1976ರಾಗ ಯೇಲ್ ವಿಶ್ವವಿದ್ಯಾಲಯದಾಗ ಜೇಮ್ಸ್ ಮೀಹನ್ ಟೇಲ್-ಸ್ಪಿನ್ ಅನ್ನೋ ಪ್ರೋಗ್ರಾಂ ಮಾಡಿದ, ಅದರಾಗ ಕರಡಿಗೆ ಹಸಿವು, ಇರುವಿಗೆ ಬಾಯಾರಿಕೆ, ಅದನ್ನ ತೀರಿಸ್ಕೊಳ್ಳೋ ದಾರಿ, ಎಲ್ಲಾ ನಿಯಮ. ಹಸಿದ ಕರಡಿಗೆ ಜೇನುಗೂಡು ಅಲ್ಲಿ ಅದ ಅಂತ ಹಕ್ಕಿ ಹೇಳಿದ್ರ ಕರಡಿ ಹೋಗಿ ಗೂಡನ್ನೇ ತಿಂತು, ಯಾಕಂದ್ರ ಗೂಡಿನಾಗ ಜೇನು ಇರ್ತದ, ತಿನ್ನೋದು ಜೇನನ್ನ ಅಂತ ಯಾರೂ ಹೇಳಿದ್ದಿಲ್ಲ. ಇನ್ನೊಂದು ಸಲ ಇರುವಿ ಜಾರಿ ಹೊಳಿಗೆ ಬಿತ್ತು. ಬೀಳೋದಂದ್ರ ಗುರುತ್ವಾಕರ್ಷಣೆ ಅದನ್ನ ಒಯ್ಯೋದು, ಒಯ್ಯೋರು ತಾವೂ ಜೋಡಿ ಹೋಗ್ತಾರ ಅನ್ನೋದು ನಿಯಮ, ಹಂಗಾಗಿ ಗುರುತ್ವಾಕರ್ಷಣೆನೂ ನೀರಾಗ ಬಿತ್ತು. ಅದಕ್ಕ ಕಾಲಿಲ್ಲ, ರೆಕ್ಕಿ ಇಲ್ಲ, ಎತ್ತಲಿಕ್ಕೆ ಗೆಳೆಯರಿಲ್ಲ, ಮುಳುಗಿ ಸತ್ತಿತು! ನಾ ಇದನ್ನ ಮೊದಲ ಸಲ ಓದಿದಾಗ ಒಂದಿನ ಪೂರ್ತಿ ಇದೇ ತಲ್ಯಾಗ. ನಮಗ ಹೇಳ್ದೇ ಗೊತ್ತಿರೋದು ಎಷ್ಟದ ನೋಡ್ರಿ. ಮೀಹನ್ ಆ ತಪ್ಪು ಕತಿಗಳನ್ನ ನೋಡಿ ನೋಡಿ ನಿಯಮ ತಿದ್ದಿದ, ಅವನದೂ ಊಹೂಂ ಅನ್ನೋ ಕೆಲಸನೇ.

ಇವತ್ತಿನ ಯಂತ್ರದ್ದು ಇದಕ್ಕ ಉಲ್ಟಾ. ಜೇನು, ಗೂಡು, ಹೊಳಿ ಎಲ್ಲಾದ್ರ ಬಗ್ಗೆ ಜನ ಬರ್ದದ್ದು ರಾಶಿ ರಾಶಿ ಓದಿ ಭಾಷೆ ನೀರು ಕುಡ್ದಂಗ ಬರ್ತದ, ಆದ್ರ ತಾನೇ ಕಟ್ಟಿದ ಲೋಕಕ್ಕ ಬದ್ಧ ಇರೋದು ಕಷ್ಟ, ಒಂದನೇ ಪುಟದಾಗ ಸತ್ತ ಮಾವ ಆರನೇ ಪುಟದಾಗ ಚಹಾ ಕೇಳ್ತಾನ.

ಬರ್ದವ್ರು ಒಬ್ರು, ಹೂಂ ಅಂದವ್ರು ಒಬ್ರು ಅನ್ನೋ ಸಂಗತಿ ನಮ್ಮ ಕಡಿಗೆ ಹಳೇದು. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡಿ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ 9ನೇ ಶತಮಾನದಾಗ ಹುಟ್ಟಿದ ಕವಿರಾಜಮಾರ್ಗ ತನ್ನನ್ನ ತಾನೇ "ನೃಪತುಂಗದೇವಾನುಮತ" ಅಂತ ಕರ್ಕೊಳ್ತದ, ಅಂದ್ರ ನೃಪತುಂಗ ಒಪ್ಪಿದ್ದು. ಬರ್ದವ ಶ್ರೀವಿಜಯ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರ, ಆದ್ರ ಭಾಳ ದಿನ ಅದು ರಾಜಂದೇ ಅಂತ ನಡೀತು. ಆ "ಅನುಮತ" ಅನ್ನೋ ಪದದಾಗ ಎಷ್ಟು ಹೂಂ, ಎಷ್ಟು ಊಹೂಂ ಇದ್ದವೋ ಅಂತ ನಾ ಮಳಖೇಡ ಕೋಟಿ ಹತ್ರ ಹೋದಾಗೆಲ್ಲಾ ಯೋಚಿಸ್ತೀನಿ.

ಹೋದ ಬ್ಯಾಸಿಗ್ಯಾಗ ನನ್ನ ತಂಗಿ ಮಗಳು, ಒಂಬತ್ತನೇ ಕ್ಲಾಸು, ಶಾಲಿಗೆ ಕತಿ ಬರೀಬೇಕಂತ ಮೊಬೈಲ್ ಹಿಡ್ಕೊಂಡು ಕುಂತ್ಲು. ಹೊಲ ಮಾರಲ್ಲ ಅನ್ನೋ ಒಬ್ಬ ಅಜ್ಜಿ ಕತಿ, ಮೇ ತಿಂಗಳು, ಸೇಡಂ ಹತ್ರ ಒಂದು ಹಳ್ಳಿ ಅಂತ ಹೇಳಿದ್ಲು. ಯಂತ್ರ ಬರೀತು: ತೆಂಗಿನ ತೋಟ, ತಂಪಾದ ಗಾಳಿ, ಹಸಿರು ಗದ್ದೆ, ಅಜ್ಜಿ ಮುದ್ದೆ ಮಾಡಿ ಕಾಯ್ತಿದ್ಲು. ಹುಡುಗಿ ಓದಿ "ಮಾಮಾ, ಈ ಅಜ್ಜಿ ನಮ್ಮಾಕಿ ಅಲ್ಲ" ಅಂದ್ಲು. ಅಲ್ಲೇ ಅಲ್ಲ. ಇಲ್ಲಿ ಮೇದಾಗ ಫರ್ಸಿ ಮ್ಯಾಲ ಬರಿಗಾಲು ಇಡ್ಲಿಕ್ಕಾಗಂಗಿಲ್ಲ, ತೊಗರಿ ಹೊಲ ಕರ್ರಗ ಬಿರುಕು ಬಿಟ್ಟು ಬಿದ್ದಿರ್ತದ, ಮನ್ಯಾಗ ರೊಟ್ಟಿ, ಪುಂಡಿಪಲ್ಯ. ಹಳ್ಳಿ ಅಂದ್ರ ತೆಂಗು, ಅಜ್ಜಿ ಅಂದ್ರ ಮುದ್ದೆ ಅಂತ ಬರ್ದವ್ರೇ ಹೆಚ್ಚಾದ್ರ 60ರ ಪಾಲು ಆ ಕಡಿಗೇ ಹೋಗ್ತದ, ನಮ್ಮ ಸೀಮಿ 5ರಾಗ ಉಳೀತದ.

2024ರಾಗ ಅನಿಲ್ ದೋಶಿ, ಆಲಿವರ್ ಹೌಸರ್ ಇಬ್ರು ಸೈನ್ಸ್ ಅಡ್ವಾನ್ಸಸ್ ಪತ್ರಿಕ್ಯಾಗ ಇದನ್ನೇ ಹೋಲೋ ಮಾತು ಹೇಳಿದ್ರು: ಎಐ ಕಡಿಂದ ಐಡಿಯಾ ಇಸ್ಕೊಂಡು ಬರ್ದವರ ಸಣ್ಣ ಕತಿಗಳು ಓದುಗರಿಗೆ ಹೆಚ್ಚು ಸೇರಿದವು, ಆದ್ರ ಎಲ್ಲಾ ಸೇರಿಸಿ ನೋಡಿದ್ರ ಒಂದಕ್ಕೊಂದು ಹೆಚ್ಚು ಹೋಲ್ತಿದ್ದವು. ನನಗ ಖರೇ ಚಿಂತಿ ಅದೇ, ಯಂತ್ರ ನಮ್ಮನ್ನ ನುಂಗ್ತದ ಅಂತಲ್ಲ, ಊರೂರ ಅಜ್ಜಿಯರು ಒಂದೇ ಅಜ್ಜಿ ಆಗಿಬಿಡ್ತಾರ ಅಂತ.

ಹುಡುಗಿ ಬಿಡ್ಲಿಲ್ಲ. ಅಜ್ಜಿ ಹೊಲ ಯಾಕ ಮಾರಲ್ಲ, ಹತ್ತು ಕಾರಣ ಕೊಡು ಅಂತ ಕೇಳಿದ್ಲು. ಗಂಡನ ನೆನಪು, ತವರಿನ ಮಾತು, ಹಂಗೇ ಒಂಬತ್ತು ಬಂದವು, ಎಲ್ಲಾಕ್ಕೂ ಊಹೂಂ. ಹತ್ತನೇದು: ಹೊಲದಲ್ಲಿ ಒಂದು ಬತ್ತಿದ ಬಾವಿ ಇದೆ. ಅಷ್ಟೇ. ಅಲ್ಲಿ ನಿಂತ್ಲು, ಹೂಂ ಅಂದ್ಲು. ಮೊಬೈಲ್ ಪಕ್ಕಕ್ಕಿಟ್ಟು ನೋಟ್‌ಬುಕ್ಕಿನಾಗ ತಾನೇ ಬರ್ದ್ಲು, ಅಜ್ಜಿ ದಿನಾ ಮುಂಜಾನಿ ಹೋಗಿ ಖಾಲಿ ಕೊಡ ಹಗ್ಗಕ್ಕ ಕಟ್ಟಿ ಬಾವಿಗೆ ಬಿಡ್ತಾಳ, ತಳದಾಗ ಕಲ್ಲಿಗೆ ಠಣ್ ಅಂತದ, ಆ ಶಬ್ದ ಕೇಳಿ, ಕೊಡ ಎತ್ಕೊಂಡು ಮನಿಗೆ ಬರ್ತಾಳ.

ಇಷ್ಟನ್ನ ಯಂತ್ರಕ್ಕ ಕೊಟ್ಟು ಮುಂದ ಏನು ಅಂದ್ಲು. ಮಳೆ ಬಂತು, ಬಾವಿ ತುಂಬಿತು, ಊರವರೆಲ್ಲ ಕುಣಿದರು ಅಂತ ಬಂತು. ಮನುಷ್ಯರು ಯಾವ ಉತ್ತರ ಮೆಚ್ತಾರ ಅಂತ ನೋಡಿ ನೋಡಿ ಯಂತ್ರನ ತಿದ್ದಿರ್ತಾರಲ್ಲ, ಸಿಹಿ ಕಡಿಗೇ ವಾಲ್ತದ.

"ಊಹೂಂ" ಅಂದ್ಲು ಹುಡುಗಿ. "ಒಂದಿನ ಠಣ್ ಅನ್ನಂಗಿಲ್ಲ. ಅಷ್ಟಕ್ಕೇ ಮುಗಿಸ್ತೀನಿ."