ಪಿಕ್ನಿಕ್ ಅಂದರೆ ಊರಲ್ಲ, ಊಟ

ತುಮಕೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವ ನನಗೆ ಸೋಮವಾರ ಬಂತೆಂದರೆ ಸ್ವಲ್ಪ ದಿಗಿಲು. 'ನಿನ್ನೆ ಏನು ಮಾಡಿದಿರಿ, ಇಂಗ್ಲಿಷಿನಲ್ಲಿ ಹೇಳಿ' ಎಂದು ಕೇಳುವುದು ನಮ್ಮ ಕ್ಲಾಸಿನ ರೂಢಿ. ಯಾರಾದರೂ ಒಬ್ಬರು ಎದ್ದು ನಿಂತು ಹೇಳಿಯೇ ಹೇಳುತ್ತಾರೆ: 'ಐ ವೆಂಟ್ ಟು ಪಿಕ್ನಿಕ್ ಟು ದೇವರಾಯನದುರ್ಗ.' ಒಂದು ವಾಕ್ಯ, ಎರಡು 'ಟು'. ತಿದ್ದುತ್ತೇನೆ. ಮುಂದಿನ ಸೋಮವಾರ ಊರು ಸಿದ್ದರಬೆಟ್ಟ ಆಗಿರುತ್ತದೆ. 'ಟು' ಮಾತ್ರ ಎರಡೇ.

ತಿದ್ದಿದ ತಕ್ಷಣ ಹಿಂದಿನ ಬೆಂಚಿನಿಂದ ಪ್ರಶ್ನೆ. "ಸಾರ್, ಹಾಗಾದ್ರೆ 'ಗೋ ಆನ್ ಎ ಪಿಕ್ನಿಕ್' ಸರೀನಾ, 'ಗೋ ಫಾರ್ ಎ ಪಿಕ್ನಿಕ್' ಸರೀನಾ?" ಎರಡೂ ಸರಿ ಕಣಪ್ಪಾ. ಅಮೆರಿಕದವರ ಬಾಯಲ್ಲಿ 'ಆನ್' ಜಾಸ್ತಿ, ಬ್ರಿಟಿಷರು 'ಫಾರ್' ಕೂಡ ಧಾರಾಳವಾಗಿ ಹೇಳುತ್ತಾರೆ. ಇದಕ್ಕೆ ನಿದ್ದೆ ಕೆಡಬೇಕಾಗಿಲ್ಲ. ಬಾಯಿಗೆ ಯಾವುದು ಸಲೀಸೋ ಅದನ್ನು ಹೇಳಿ, ನಡುವೆ ಇರುವ 'ಎ' ಮಾತ್ರ ನುಂಗಬೇಡಿ.

ಎಡವಟ್ಟು ಇರುವುದು ಬೇರೆ ಕಡೆ. ನಮ್ಮವರು ಪಿಕ್ನಿಕ್ ಅಂದರೆ ಒಂದು ಜಾಗ ಅಂದುಕೊಂಡಿದ್ದಾರೆ. ಇಲ್ಲವೇ ಒಂದು ದಿನದ ತಿರುಗಾಟ ಅಂದುಕೊಂಡಿದ್ದಾರೆ. ಇಂಗ್ಲಿಷಿನವರಿಗೆ ಅದು ಊಟ. ಮನೆಯಿಂದ ಕಟ್ಟಿಕೊಂಡು ಹೋಗಿ, ಬಯಲಿನಲ್ಲೋ ಮರದ ಕೆಳಗೋ ಕೂತು ತಿನ್ನುವ ಊಟ. ಬ್ರಿಟಿಷರು ಬುತ್ತಿಯನ್ನೇ ಪಿಕ್ನಿಕ್ ಅನ್ನುವುದುಂಟು. 'ವಿ ಟುಕ್ ಎ ಪಿಕ್ನಿಕ್' ಅಂದರೆ ಬುತ್ತಿ ತಗೊಂಡು ಹೋದೆವು ಅಂತ. ಪದ ಫ್ರೆಂಚ್ ಕಡೆಯಿಂದ ಬಂದದ್ದು. 1748ರಲ್ಲಿ ಇಂಗ್ಲೆಂಡಿನ ರಾಜಕಾರಣಿ ಲಾರ್ಡ್ ಚೆಸ್ಟರ್‌ಫೀಲ್ಡ್ ಮಗನಿಗೆ ಬರೆದ ಪತ್ರದಲ್ಲಿ ಆಗಲೇ ಇದೆ. ಆಗ ಅದಕ್ಕೆ ಬೆಟ್ಟವೂ ಬೇಕಿರಲಿಲ್ಲ, ಹುಲ್ಲುಹಾಸೂ ಬೇಕಿರಲಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಪಾಲು ಹಾಕಿ ಸೇರುವ ಕೂಟಕ್ಕೆ ಆ ಹೆಸರು. ಬಯಲಿಗೆ ಬಂದದ್ದು ಆಮೇಲೆ.

ಈಗ ನಮ್ಮ ಭಾನುವಾರ ನೋಡಿ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಲ್ಲಿಂದ ದೇವರಾಯನದುರ್ಗ, ನರಸಿಂಹ ಸ್ವಾಮಿ ದರ್ಶನ, ನಾಮದ ಚಿಲುಮೆಯಲ್ಲಿ ಜಿಂಕೆ, ನಲವತ್ತು ಸೆಲ್ಫಿ. ವಾಪಸ್ ಬಂದು ಹೋಟೆಲಿನಲ್ಲಿ ಊಟ. ಒಳ್ಳೆಯ ದಿನವೇ. ಆದರೆ ಇದರಲ್ಲಿ ಪಿಕ್ನಿಕ್ ಎಲ್ಲಿದೆ? ಇದು 'ಟ್ರಿಪ್' ಅಥವಾ 'ಔಟಿಂಗ್'. ನನ್ನ ವಿದ್ಯಾರ್ಥಿಯೊಬ್ಬ ಇಂಟರ್‌ವ್ಯೂನಲ್ಲಿ 'ಪಿಕ್ನಿಕ್' ಅಂದನಂತೆ. ಎದುರಿಗಿದ್ದವರು, ಪಾಪ, ಪ್ರೀತಿಯಿಂದಲೇ ಕೇಳಿದರು: ಏನು ಕಟ್ಟಿಕೊಂಡು ಹೋಗಿದ್ರಿ? 'ನಥಿಂಗ್ ಸಾರ್, ವಿ ಏಟ್ ಇನ್ ಹೋಟೆಲ್' ಎಂದ ಇವನು. ಅವರು ನಕ್ಕದ್ದು ಯಾಕೆ ಅಂತ ಅವನಿಗೆ ತಿಳಿದದ್ದು ನನ್ನ ಕ್ಲಾಸಿನಲ್ಲಿ. ಕೆಲಸ ಸಿಕ್ಕಿತು, ಅದು ಬೇರೆ ವಿಷಯ.

ಈ 'ಟು' ಎಲ್ಲಿಂದ ಬಂತು ಅಂದರೆ ನಮ್ಮ 'ಗೆ', 'ಕ್ಕೆ'ಯಿಂದ. ಇದನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ, ಇಲ್ಲಿ ಇನ್ನೊಂದು ಸಲ. 'ಮಧುಗಿರಿಗೆ ಹೋದೆ' ಅನ್ನುತ್ತೇವೆ, 'ವಾಕಿಂಗ್‌ಗೆ ಹೋದೆ' ಅಂತಲೂ ಅನ್ನುತ್ತೇವೆ. ಎರಡರಲ್ಲೂ 'ಗೆ' ಇದೆ. ಮಧುಗಿರಿ ಹೋಗಿ ಸೇರುವ ಊರು. ವಾಕಿಂಗ್ ಅನ್ನುವ ಊರು ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಅದು ಹೋದ ಉದ್ದೇಶ. ಕನ್ನಡಕ್ಕೆ ಎರಡಕ್ಕೂ ಒಂದೇ 'ಗೆ' ಸಾಕು. ಇಂಗ್ಲಿಷ್ ಊರಿಗೆ 'ಟು' ಕೊಡುತ್ತದೆ, ಉದ್ದೇಶಕ್ಕೆ 'ಫಾರ್' ಕೊಡುತ್ತದೆ. ಆದ್ದರಿಂದ 'ಫಾರ್ ಎ ವಾಕ್', ಆದ್ದರಿಂದಲೇ 'ಫಾರ್ ಎ ಪಿಕ್ನಿಕ್'. ದುರ್ಗಕ್ಕೆ ಬೇಕಾದರೆ 'ಟು' ಹಾಕಿ: 'ವಿ ವೆಂಟ್ ಟು ದೇವರಾಯನದುರ್ಗ ಫಾರ್ ಎ ಪಿಕ್ನಿಕ್.' ಅಲ್ಲಿ ಕೂತು ತಿಂದದ್ದನ್ನು ಹೇಳಬೇಕಾದರೆ 'ವಿ ಹ್ಯಾಡ್ ಎ ಪಿಕ್ನಿಕ್'. 'ಗೋ ಟು ಎ ಪಿಕ್ನಿಕ್' ತಪ್ಪೇ ಅಂತ ಕೇಳಬಹುದು. ಬೇರೆ ಯಾರೋ ಏರ್ಪಾಡು ಮಾಡಿದ್ದಕ್ಕೆ, ಮದುವೆಗೆ ಹೋದ ಹಾಗೆ ಹೋದರೆ ಅದೂ ಸರಿ. ಕಂಪನಿಯ ಪಿಕ್ನಿಕ್ ಅಂಥದ್ದು.

ಇದನ್ನೆಲ್ಲ ಹೇಳಿದ ಮೇಲೂ ಒಂದು ಮಾತು. ನಮ್ಮ ದೇಶದ ಇಂಗ್ಲಿಷಿನಲ್ಲಿ ಒಂದು ದಿನದ ಪ್ರವಾಸಕ್ಕೆ ಪಿಕ್ನಿಕ್ ಅನ್ನುವುದು ಬೇರು ಬಿಟ್ಟಿದೆ. ಶಾಲೆಯಿಂದ ಬರುವ ಚೀಟಿಯಲ್ಲೂ ಹಾಗೇ ಇರುತ್ತದೆ. ಮನೆಯಲ್ಲಿ, ಬಸ್ಸಿನಲ್ಲಿ ಹಾಗೆ ಹೇಳಿದರೆ ಯಾರೂ ಗದರುವುದಿಲ್ಲ. ಪರೀಕ್ಷೆ, ಇಂಟರ್‌ವ್ಯೂ, ಹೊರದೇಶದವರ ಫೋನು, ಇಲ್ಲಿ ಮಾತ್ರ ಸ್ವಲ್ಪ ಎಚ್ಚರ. ಸ್ಪೆಲ್ಲಿಂಗ್ ಕೂಡ ಅಷ್ಟೇ: ಪಿಕ್ನಿಕ್‌ಗೆ 'ಇಂಗ್' ಸೇರಿಸುವಾಗ ಮಧ್ಯೆ ಒಂದು 'ಕೆ' ಬರಬೇಕು, ಇಲ್ಲದಿದ್ದರೆ 'ಪಿಕ್ನಿಸಿಂಗ್' ಅಂತ ಓದಿಕೊಳ್ಳುತ್ತಾರೆ.

ಕಳೆದ ಬ್ಯಾಚಿನಲ್ಲಿ ಒಬ್ಬರು ಗೃಹಿಣಿ ಇದ್ದರು. ಮಗಳ ಶಾಲೆಯ ಮೀಟಿಂಗಿನಲ್ಲಿ ಮಾತಾಡಬೇಕು ಅಂತ ಸೇರಿದವರು. ಬಾಯಿ ಬಿಡುತ್ತಿದ್ದದ್ದೇ ಕಮ್ಮಿ. ಅವತ್ತು ಮೆಲ್ಲಗೆ ಕೇಳಿದರು. "ಸಾರ್, ಕಾರ್ತಿಕದಲ್ಲಿ ನೆಲ್ಲಿ ಮರದ ಕೆಳಗೆ ಊಟ ಮಾಡ್ತೀವಲ್ಲ, ವನಭೋಜನ, ಅದು ಪಿಕ್ನಿಕ್ಕಾ?"

ಅಬ್ಬಾ! ಅದೇ ಕಣಮ್ಮಾ, ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲಿಲ್ಲ, ಎಂದೆ. ಆಮೇಲೆ ಯಾರಿಗೂ ಬಿಡಿಸಿ ಹೇಳುವ ಕೆಲಸವೇ ಉಳಿಯಲಿಲ್ಲ. ಇಡೀ ಕ್ಲಾಸು ಒಂದು ಭಾನುವಾರ ದುರ್ಗಕ್ಕೆ ಹೊರಟಿತು. ಒಬ್ಬರು ಪುಳಿಯೋಗರೆ, ಒಬ್ಬರು ಮೊಸರನ್ನ, ನನ್ನ ಪಾಲಿಗೆ ಚಕ್ಕುಲಿ. ಜಮಖಾನ ಹಾಸಿ ಡಬ್ಬಿಗಳ ಮುಚ್ಚಳ ತೆಗೆದಿದ್ದಷ್ಟೇ, ದುರ್ಗದ ಕೋತಿಗಳು ಬಂದವು. ಐದು ನಿಮಿಷದಲ್ಲಿ ನಮಗೆ ಉಳಿದದ್ದು ನೀರಿನ ಬಾಟಲಿ.

ಸೋಮವಾರ ಕೇಳಿದೆ, ನಿನ್ನೆ ಏನು ಮಾಡಿದಿರಿ. ಹುಡುಗನೊಬ್ಬ ಎದ್ದ. "ವಿ ವೆಂಟ್ ಆನ್ ಎ ಪಿಕ್ನಿಕ್, ಸಾರ್." ಸ್ವಲ್ಪ ತಡೆದು, "ದಿ ಮಂಕೀಸ್ ಹ್ಯಾಡ್ ಇಟ್."